ಮಸೆಗಲ್ಲು ಯಾರದ್ದು?

ಗಂಡಸರ ಕ್ಷೌರದ ಬ್ಲೇಡು ಒಂದು ದಿನ ಮೊಂಡಾದರೆ ಮನೆಯಲ್ಲಿ ಗದ್ದಲವೋ ಗದ್ದಲ. ಅದೇ ಮನೆಯ ಈಳಿಗೆಮಣೆ ಎರಡು ವರ್ಷದಿಂದ ಮೊಂಡಾಗಿದ್ದರೂ ಅದು ಯಾರಿಗೂ ಸುದ್ದಿಯಲ್ಲ. ಹುರುಳಿಕಾಯಿ ಜಜ್ಜಿಹೋಗುತ್ತದೆ, ಟೊಮೆಟೊ ನುಜ್ಜಾಗುತ್ತದೆ. ‘ಇನ್ನೂ ಹೆಚ್ಚಿ ಆಗಲಿಲ್ಲವೇ?’ ಎಂಬ ಪ್ರಶ್ನೆ ಮಾತ್ರ ಹರಿತವಾಗಿಯೇ ಬರುತ್ತದೆ. ಇನ್ನು ಹಿತ್ತಲ ಕತ್ತಿಯ ಕಥೆ ಕೇಳಲೇಬೇಡಿ. ಬಾಳೆಲೆ ಕೊಯ್ಯಲು, ತೆಂಗಿನ ಗರಿ ಸವರಲು, ದಾಸವಾಳದ ಗಿಡ ಕತ್ತರಿಸಲು ಬೇಕಾದ ಆ ಕತ್ತಿ ನೀರಿನ ತೊಟ್ಟಿಯ ಪಕ್ಕದಲ್ಲಿ ಕೆಂಪಗೆ ತುಕ್ಕು ಹಿಡಿದು ಬಿದ್ದಿರುತ್ತದೆ.

‘ಕಬ್ಬಿಣ ತಾನೆ, ತುಕ್ಕು ಹಿಡಿಯದೆ ಇರುತ್ತದೆಯೇ’ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಾನು ಸಮಾಜ ಪಾಠ ಮಾಡುವವಳು, ಆದರೂ ಮಕ್ಕಳ ವಿಜ್ಞಾನದ ಪುಸ್ತಕ ಓದಿದ್ದೇನೆ. ಮೂರು ಪ್ರನಾಳ, ಮೂರು ಮೊಳೆ. ನೀರು ಗಾಳಿ ಎರಡೂ ಸೋಕಿದ ಮೊಳೆಗೆ ಮಾತ್ರ ತುಕ್ಕು. ಇದನ್ನು ಚಿತ್ರ ಸಮೇತ ಬರೆದು ಅಂಕ ಗಿಟ್ಟಿಸಿಕೊಂಡ ಹುಡುಗ ಮನೆಗೆ ಹೋಗಿ ಎಳನೀರು ಕೆತ್ತಿದ ಕತ್ತಿಯನ್ನು ಒದ್ದೆಯಾಗಿಯೇ ಜಗಲಿಯ ಮೇಲೆ ಎಸೆಯುತ್ತಾನೆ! ತುಕ್ಕು ಕಬ್ಬಿಣದ ಹಣೆಬರಹವಲ್ಲ. ಅದನ್ನು ಒರೆಸಿಡುವುದು ತನ್ನ ಕೆಲಸ ಎಂದು ಮನೆಯಲ್ಲಿ ಯಾರೂ ತಿಳಿದಿಲ್ಲ, ಅಷ್ಟೇ. ಹೆಚ್ಚುವವಳು ಹೆಂಗಸು, ಮಸೆಯಬೇಕಾದವನು ಗಂಡಸು ಎಂಬುದು ಬರೆಯದ ಕಾನೂನು. ಆತನಿಗೆ ಪುರುಸೊತ್ತಿಲ್ಲ. ಸೈಕಲ್ಲಿನ ಮೇಲೆ ಸಾಣೆಚಕ್ರ ಹೊತ್ತು ಬರುತ್ತಿದ್ದವನೂ ಈಗ ಅಪರೂಪ.

ವರ್ಷಕ್ಕೊಮ್ಮೆ ಮಾತ್ರ ಕತ್ತಿಗೆ ಮರ್ಯಾದೆ ಬರುತ್ತದೆ. ಆಯುಧಪೂಜೆಯ ದಿನ ತೊಳೆದು, ಒದ್ದೆ ಅರಿಸಿನ ಕುಂಕುಮ ಬಳಿದು, ಹೂವಿಟ್ಟು ರಾತ್ರಿಯಿಡೀ ಹಾಗೆಯೇ ಬಿಡುತ್ತಾರೆ. ವಿಜಯದಶಮಿಯ ಬೆಳಿಗ್ಗೆ ನೋಡಿದರೆ ಕುಂಕುಮದ ಕೆಳಗೇ ತುಕ್ಕಿನ ಚುಕ್ಕೆ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಪೂಜೆ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿದರೆ ದೇವಿಗೆ ಅಪಚಾರವೇನೂ ಆಗದು.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಶ್ರಮದಾನದ ದಿನ ಗಂಡುಹುಡುಗರಿಗೆ ಕುಡುಗೋಲು, ಹೆಣ್ಣುಹುಡುಗಿಯರಿಗೆ ಪೊರಕೆ. ಆ ಹುಡುಗಿಯರಲ್ಲಿ ನಾಲ್ಕಾರು ಮಂದಿ ಬೆಳಗಾಗುವ ಮೊದಲೇ ದನಕ್ಕೆ ಹುಲ್ಲು ಕೊಯ್ದು ಶಾಲೆಗೆ ಬರುವವರು! ಕುಡುಗೋಲು ಹಿಡಿಯಲು ಅವರಿಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ. ಸಂಜೆ ಮಣ್ಣು, ಹುಲ್ಲಿನ ರಸ ಮೆತ್ತಿದ ಕುಡುಗೋಲುಗಳನ್ನು ಗೋಣಿಚೀಲಕ್ಕೆ ತುಂಬಿ ಮೂಲೆಗೆ ತಳ್ಳುತ್ತಿದ್ದರು. ಗೋಣಿಯ ತೇವ ತನ್ನ ಕೆಲಸ ಮಾಡುತ್ತಿತ್ತು. ರಜೆ ಮುಗಿಯುವ ಹೊತ್ತಿಗೆ ಹೊಸದಕ್ಕೆ ಅರ್ಜಿ. ‘ನಮ್ಮ ಹುಡುಗಿಯರು ಒರೆಸಿಡುತ್ತಾರೆ, ಮಸೆಯುವುದನ್ನೂ ಕಲಿಸೋಣ’ ಎಂದಾಗ ಸಿಕ್ಕ ಉತ್ತರ: ‘ಮೇಡಂ, ಕೈ ಕುಯ್ದುಕೊಂಡರೆ ಯಾರು ಹೊಣೆ?’ ಕೈ ಹೆಚ್ಚಾಗಿ ಕುಯ್ಯುವುದು ಮೊಂಡು ಕತ್ತಿಯೇ. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ.

ತುಕ್ಕು ತೆಗೆಯುವುದು ಬ್ರಹ್ಮವಿದ್ಯೆಯೂ ಅಲ್ಲ. ಮೊದಲು ಕೆಂಪು ಯಾವುದು, ಕಪ್ಪು ಯಾವುದು ನೋಡಿ. ಬಾಳೆಕಾಯಿ ಹೆಚ್ಚಿದಾಗ ಅದರ ಒಗರು ಕಬ್ಬಿಣದೊಂದಿಗೆ ಸೇರಿ ಅಲಗು ಕಪ್ಪಾಗುತ್ತದೆ. ಅದು ತುಕ್ಕಲ್ಲ; ಅದನ್ನು ಬೆಳ್ಳಗೆ ಮಾಡಲು ಉಜ್ಜಿ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಕೆಂಪಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುವುದೇ ಶತ್ರು. ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ ಬಳಿದು ಅರ್ಧ ಗಂಟೆ ಬಿಡಿ. ತೆಂಗಿನ ನಾರಿಗೆ ಸೋಸಿದ ಬೂದಿಯನ್ನೋ ಇಟ್ಟಿಗೆಯ ನಯವಾದ ಪುಡಿಯನ್ನೋ ಹಚ್ಚಿ, ಬೆನ್ನಿನ ಕಡೆಯಿಂದ ಅಲಗಿನ ಬಾಯಿಯ ಕಡೆಗೆ ಉಜ್ಜಿ, ಎಂದೂ ಬಾಯಿಗೆದುರಾಗಿ ಅಲ್ಲ. ಹುಣಸೆಯ ಹುಳಿ ಉಳಿದರೆ ಮತ್ತೆ ತುಕ್ಕು ಬರುತ್ತದೆ. ಆದ್ದರಿಂದ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು, ಬೆಚ್ಚಗಿರುವಾಗಲೇ ನಾಲ್ಕು ಹನಿ ಕೊಬ್ಬರಿಎಣ್ಣೆ. ಬೆಂಕಿಯಲ್ಲಿ ಕಾಯಿಸಿ ತುಕ್ಕು ಸುಡುವವರಿದ್ದಾರೆ. ಕಮ್ಮಾರ ಕೊಟ್ಟ ಹದವೆಲ್ಲ ಅಲ್ಲಿಗೆ ಮುಗಿಯಿತು. ಕರೆಂಟಿನ ಸಾಣೆಯಲ್ಲಿ ಕಿಡಿ ಹಾರಿಸಿ ಅಂಚು ನೀಲಿಯಾದರೂ ಅದೇ ಗತಿ.

ಹೊರಗಿನ ಕೆಲಸದ ಕತ್ತಿಗೆ ಇನ್ನಷ್ಟು ಎಚ್ಚರ ಬೇಕು. ಅದನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಬೇಡಿ, ಬಾಳೆದಿಂಡಿಗೆ ಸಿಕ್ಕಿಸಿ ಊಟಕ್ಕೆ ಏಳಬೇಡಿ. ಹಲಸಿನ ಮೇಣ ಅಂಟಿದ್ದರೆ ಎಣ್ಣೆಬಟ್ಟೆಯಲ್ಲಿ ಒರೆಸಿ, ನೀರು ಆಮೇಲೆ. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ, ಗೋಣಿಯಲ್ಲಿ ಇಡುವುದಕ್ಕಿಂತ ಗೋಡೆಯ ಮೊಳೆಗೆ ಗಾಳಿಯಾಡುವಂತೆ, ಮಕ್ಕಳ ಕೈಗೆ ಎಟುಕದಂತೆ ತೂಗುಹಾಕಿ. ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರು ಎಣ್ಣೆ ಹಚ್ಚಲು ಮರೆಯುವಂತೆಯೇ ಇಲ್ಲ.

‘ಸ್ಟೀಲಿನದು ತಂದರಾಯಿತಲ್ಲ, ಈ ರಗಳೆ ಏಕೆ?’ ಎನ್ನುವಿರಿ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಕ್ರೋಮಿಯಂ ಬೆರೆಸಿ ಕರಗಿಸಿದ ಉಕ್ಕಿನಿಂದ ಇಂದಿನ ಸ್ಟೀಲಿನ ಚಾಕುಗಳು ಬಂದವು. ಒಳ್ಳೆಯದೇ. ಆದರೆ ಉಪ್ಪುನೀರಿನಲ್ಲಿ ನೆನೆದರೆ ಅದಕ್ಕೂ ಚುಕ್ಕೆ ಬೀಳುತ್ತದೆ, ಮಸೆಯದಿದ್ದರೆ ಅದೂ ಮೊಂಡಾಗುತ್ತದೆ. ಸಂತೆಯ ಗರಗಸದ ಹಲ್ಲಿನ ಚಾಕುವಂತೂ ಹಲ್ಲು ಸವೆದ ಮೇಲೆ ಕಸಕ್ಕೇ. ಅಜ್ಜಿಯ ಈಳಿಗೆಯನ್ನು ಗುಜರಿಗೆ ಹಾಕಿ ಅದನ್ನು ತರುವುದು ಯಾವ ಜಾಣತನ?

ಇನ್ನೊಂದು ಹೆದರಿಕೆ, ತುಕ್ಕಿನಿಂದ ಧನುರ್ವಾಯು ಬರುತ್ತದೆಂಬುದು. ಆ ರೋಗಾಣು ಮಣ್ಣು ಸಗಣಿಗಳಲ್ಲಿ ಇರುತ್ತದೆ. ತುಕ್ಕಿಲ್ಲದೆ ಫಳಫಳ ಹೊಳೆಯುವ ಕತ್ತಿಗೆ ಮಣ್ಣು ಮೆತ್ತಿದ್ದರೂ ಅಪಾಯವೇ. ಗಾಯವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಅರಿಸಿನ ಮೆತ್ತಿ ಸುಮ್ಮನೆ ಕೂರಬೇಡಿ.

ಗುದ್ದಲಿ, ಹಾರೆ ಮಾರುವ ಅಂಗಡಿಯಲ್ಲಿ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಒಂದು ಮಗ್ಗುಲು ಒರಟು, ಒಂದು ಮಗ್ಗುಲು ನಯ. ಚಾಕುವನ್ನು ಕಲ್ಲಿನ ಮೇಲೆ ಎಳೆಯಬಹುದು. ಈಳಿಗೆಯನ್ನು ಹಾಗೆ ಎಳೆಯಲಾಗದು, ಕಲ್ಲನ್ನೇ ಅದರ ಬಳಿಗೆ ಒಯ್ದು ಎರಡೂ ಮಗ್ಗುಲು ಸಮನಾಗಿ ಸವರಬೇಕು. ಅಂಗಡಿಯವನು ‘ಯಜಮಾನರನ್ನು ಕಳಿಸಿ, ಅವರಿಗೆ ಗೊತ್ತಾಗುತ್ತೆ’ ಎನ್ನುತ್ತಾನೆ, ನನಗೂ ಹಾಗೆಯೇ ಅಂದಿದ್ದ. ಕಲ್ಲು ನನಗೇ ಬೇಕಾಗಿದೆ ಎಂದು ಹೇಳಿ, ಬೆರಳಾಡಿಸಿ ನೋಡಿ, ಸೀಳಿಲ್ಲದ್ದನ್ನು ಆರಿಸಿ ತನ್ನಿ.