ಹಳೆಯ ಮೆಟಡೋರಿಗೆ ಹೊಸ ರಬ್ಬರು



ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ತಂದೆಯವರ ಕಾಲದ ಮೆಟಡೋರ್ ವ್ಯಾನು ಇದೆ. ಮದುವೆ, ಮುಂಜಿ, ಜಾತ್ರೆಯೆಂದು ಇಡೀ ಸಂಸಾರವನ್ನು ಪುಣೆಯಿಂದ ಊರಿಗೆ ಹೊತ್ತೊಯ್ದ ಗಾಡಿ. ಗುಜರಿಯವನು ಬಂದು ನೋಡಿಕೊಂಡು ಹೋಗಿದ್ದಾನೆ. ಮಕ್ಕಳು ಮಾತ್ರ ಕೊಡಕೂಡದೆಂದು ಹಟ ಹಿಡಿದಿದ್ದಾರೆ. ಎಂಜಿನ್ನಿಗೆ ಏನೂ ಆಗಿಲ್ಲ. ಆದರೆ ಮಳೆ ಬಂದರೆ ಮುಂದಿನ ಗಾಜಿನ ಸಂದಿಯಿಂದ ನೀರು ಸೋರುತ್ತದೆ. ಹೊಸ ರಬ್ಬರನ್ನೂ ಅಂಚಿನ ಪಟ್ಟಿಯನ್ನೂ ಆರಿಸುವುದು ಹೇಗೆಂದು ಅವರು ಕೇಳಿದ್ದಾರೆ. ಇಂಥ ಗಾಡಿ ಇನ್ನೂ ಹಲವರ ಅಂಗಳದಲ್ಲಿರಬಹುದಾದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ನಮ್ಮ ಕಡೆ ಯಾವ ವ್ಯಾನು ಕಂಡರೂ ಮೆಟಡೋರ್ ಎನ್ನುವುದು ರೂಢಿ. ನಿಜವಾದ ಮೆಟಡೋರು ಬಜಾಜ್ ಟೆಂಪೋ ಕಂಪನಿಯದು. 1969ರಿಂದ 2000ದವರೆಗೆ ತಯಾರಾಯಿತು. 2005ರಲ್ಲಿ ಕಂಪನಿಯ ಹೆಸರೇ ಫೋರ್ಸ್ ಮೋಟರ್ಸ್ ಎಂದು ಬದಲಾಯಿತು. ಆದುದರಿಂದ ಬಿಡಿಭಾಗಗಳನ್ನು ಪುಣೆಯ ನಾನಾ ಪೇಠೆ, ದಿಲ್ಲಿಯ ಕಾಶ್ಮೀರಿ ಗೇಟು, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ, ಇಂಥ ಕಡೆಗಳಲ್ಲಿ ಹುಡುಕಬೇಕು. ಅಂಗಡಿಕಾರ "ಮೆಟಡೋರಿನದೇ, ತೆಗೆದುಕೊಳ್ಳಿ" ಎಂದು ಒಂದು ಸುರುಳಿಯನ್ನು ಎದುರಿಗಿಡುತ್ತಾನೆ. ಅಲ್ಲೇ ಎಚ್ಚರಿಕೆ ಬೇಕು.

ಈಗಿನ ಕಾರುಗಳ ಮುಂದಿನ ಗಾಜನ್ನು ಅಂಟಿನಿಂದ ಕೂಡಿಸುತ್ತಾರೆ. ಹಳೆಯ ಗಾಡಿಗಳಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಅಷ್ಟು ದೊಡ್ಡ ಗಾಜನ್ನು ಹಿಡಿದಿರುವುದು ಸುತ್ತಲಿನ ರಬ್ಬರೊಂದೇ. ಅದು ಅಲಂಕಾರವಲ್ಲ, ಕೆಲಸಗಾರ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟು ಇಳಿಯುವವರು ಇದನ್ನು ಮರೆಯಬಾರದು.

ಈ ರಬ್ಬರನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಎರಡು ಗಾಡಿಗಳು, ಅಂದರೆ ಎರಡು ಸೀಳುಗಳು ಕಾಣುತ್ತವೆ. ಒಂದರಲ್ಲಿ ಗಾಜು ಕೂರುತ್ತದೆ, ಇನ್ನೊಂದು ಚೌಕಟ್ಟಿನ ತಗಡನ್ನು ಕಚ್ಚುತ್ತದೆ. ಹಳೆಯ ರಬ್ಬರಿನ ನೇರವಾದ ಭಾಗದಿಂದ ಎರಡು ಬೆರಳಷ್ಟು ತುಂಡನ್ನು ಕೊಯ್ದು ಅಂಗಡಿಗೆ ಒಯ್ಯಿರಿ. ಗಾಜಿನ ದಪ್ಪವನ್ನೂ ತಗಡಿನ ದಪ್ಪವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿರಿ. ನಡುವೆ ಎಂದೋ ಗಾಜು ಬದಲಾಗಿದ್ದರೆ ಅದರ ದಪ್ಪವೂ ಬದಲಾಗಿರಬಹುದು. ಆಗ ಹಳೆಯ ತುಂಡೊಂದೇ ಸಾಕ್ಷಿಯಾಗದು. ನಮ್ಮ ಕಛೇರಿಯಲ್ಲಿ ಅಳತೆಯಿಲ್ಲದ ಕೋರಿಕೆ ಪತ್ರ ಮೇಜಿನಿಂದ ಮೇಜಿಗೆ ಅಲೆಯುವುದುಂಟು. ಅಳತೆಯಿಲ್ಲದೆ ಕೊಂಡ ರಬ್ಬರಿನ ಗತಿಯೂ ಅದೇ.

ಮಾಲಿನ ವಿಚಾರಕ್ಕೆ ಬಂದರೆ ಇ.ಪಿ.ಡಿ.ಎಂ. ಎಂಬ ಜಾತಿಯ ರಬ್ಬರು ಉತ್ತಮ. ಬಿಸಿಲು, ಗಾಳಿ, ಮಳೆಗಳನ್ನು ತಾಳುತ್ತದೆ. ಸಾದಾ ರಬ್ಬರು ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ, ಅಗ್ಗದ ಪ್ಲಾಸ್ಟಿಕ್ಕಿನದು ಗಟ್ಟಿಯಾಗಿ ಕುಗ್ಗುತ್ತದೆ. ಆದರೆ ಇ.ಪಿ.ಡಿ.ಎಂ.ಗೆ ಡೀಸೆಲು, ಎಣ್ಣೆ, ಗ್ರೀಸು ಆಗದು, ಉಬ್ಬಿಹೋಗುತ್ತದೆ. ಕೂರಿಸುವಾಗ ಸೋಪಿನ ನೀರನ್ನಷ್ಟೇ ಬಳಸಿರಿ.

ಇನ್ನು ಪಟ್ಟಿ. ರಬ್ಬರು ಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಬೇಕು. ಜರ್ಮನಿಯ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಪಟ್ಟಿ ಕೂರಲು ಸೀಳಿರುವ ರಬ್ಬರು ಬೇರೆ, ಸೀಳಿಲ್ಲದ ಸಾದಾ ರಬ್ಬರು ಬೇರೆ ದೊರೆಯುತ್ತವೆ. ಒಂದನ್ನು ಕೊಂಡು ಇನ್ನೊಂದರ ಚೆಂದ ಬಯಸಿದರೆ ದೊರೆಯದು. ಕೆಲವು ಗಾಡಿಗಳಲ್ಲಿ ಪಟ್ಟಿ ಕೇವಲ ಶೋಭೆಗೆ. ಮತ್ತೆ ಕೆಲವುಗಳಲ್ಲಿ ಅದು ಬೆಣೆಯಂತೆ ಒಳಹೊಕ್ಕು ರಬ್ಬರಿನ ತುಟಿಯನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಹಳೆಯ ಪಟ್ಟಿಯನ್ನು ಸ್ವಲ್ಪ ಎಳೆದು ನೋಡಿರಿ. ತುಟಿ ಸಡಿಲವಾಗಿ ಗಾಜು ಅಲುಗಿದರೆ ಅದು ಬೆಣೆಯೇ ಸರಿ. ಅಂಥದನ್ನು ಚೆಂದಕ್ಕೆಂದು ಕೈಬಿಡತಕ್ಕದ್ದಲ್ಲ.

ಉದ್ದದಲ್ಲಿ ಜಿಪುಣತನ ಬೇಡ. ಎಳೆದು ಕೂರಿಸಿದ ರಬ್ಬರು ಮುಂದೆ ಕುಗ್ಗಿ ಸಂದು ಬಿಡುತ್ತದೆ. ತುಸು ಹೆಚ್ಚಾಗಿಯೇ ಕೊಯ್ದು ಒತ್ತಿ ಕೂಡಿಸಿರಿ. ನೀರು ನಿಲ್ಲುವ ಕೆಳಮೂಲೆಯಲ್ಲಿ ಕೂಡುಸಂದು ಬಾರದಿರಲಿ. ಮೇಲಂಚಿನ ನಡುವೆ ಇರಲಿ.

ಹಳೆಯದನ್ನು ಕಿತ್ತ ದಿನವೇ ಹೊಸದನ್ನು ಹಾಕುವ ಆತುರ ಸಲ್ಲದು. ಅದರ ಅಡಿಯಲ್ಲಿ ವರ್ಷಾನುಗಟ್ಟಲೆ ನೀರು ನಿಂತು ತಗಡು ತುಕ್ಕು ಹಿಡಿದಿರುತ್ತದೆ. ಉಜ್ಜಿ, ಪ್ರೈಮರು ಬಳಿದು, ಬಣ್ಣ ಹಚ್ಚಿ, ಪೂರಾ ಒಣಗಲು ಬಿಡಿ. ತೂತು ಬಿದ್ದಿದ್ದರೆ ಮೊದಲು ಬೆಸುಗೆ. ಇದನ್ನು ಬಿಟ್ಟು ಮೇಲಿಂದ ಸಿಲಿಕೋನ್ ಮೆತ್ತಿಸಿದರೆ ಸೋರುವುದು ಕಣ್ಣಿಗೆ ಮರೆಯಾಗುತ್ತದೆ, ತುಕ್ಕು ಮಾತ್ರ ಒಳಗೇ ತಿನ್ನುತ್ತಿರುತ್ತದೆ. ಗುಜರಿಯವನ ಪಾಲಾಗುವ ಗಾಡಿಗಳಲ್ಲಿ ಎಷ್ಟೋ ಎಂಜಿನ್ ಕೆಟ್ಟು ಹೋದುವಲ್ಲ, ತಗಡು ಕೊಳೆತು ಹೋದುವು.

ಕೂರಿಸಲು ಇಬ್ಬರು ಬೇಕು. ರಬ್ಬರನ್ನು ಗಾಜಿಗೆ ತೊಡಿಸಿ, ತಗಡು ಕಚ್ಚುವ ಸೀಳಿನ ಸುತ್ತ ಗಟ್ಟಿ ಹುರಿಯೊಂದನ್ನು ಸುತ್ತಿ, ತುದಿಗಳನ್ನು ಒಳಗೆ ಬಿಡಬೇಕು. ಹೊರಗಿನವನು ಅಂಗೈಯಿಂದ ಒತ್ತುತ್ತಿರಲು ಒಳಗಿನವನು ಹುರಿಯನ್ನು ಮೆಲ್ಲಗೆ ಎಳೆದರೆ ರಬ್ಬರಿನ ತುಟಿ ತಗಡನ್ನು ದಾಟಿ ಕೂರುತ್ತದೆ. ಗುದ್ದಿದರೆ ಗಾಜು ಒಡೆದೀತು.

ಕೊನೆಗೆ ಹೊರಗಿನಿಂದ ಕೊಡದಲ್ಲಿ ನೀರು ಸುರಿದು, ಒಳಗಿನಿಂದ ಟಾರ್ಚು ಹಿಡಿದು ಮೂಲೆಮೂಲೆ ನೋಡಿರಿ. ಇದಿಷ್ಟೂ ಜೂನ್ ಬರುವುದರೊಳಗೆ ಮುಗಿದರೆ, ಗುಜರಿಯವನಿಗೆ ಈ ವರ್ಷದ ಮಟ್ಟಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಬಹುದು.