ಖಾಲಿ ಟ್ಯಾಂಕೇ ಡೇಂಜರ್!

ಅಪ್ಪನ 1998ರ ಕಾರು ನಿಂತ ಜಾಗದಲ್ಲಿ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದ್ರೆ ಟ್ಯಾಂಕಿನ ತಳ ತುಕ್ಕು ಹಿಡಿದು ಹನಿಹನಿಯಾಗಿ ಸೋರ್ತಿದೆ. "ಪೆಟ್ರೋಲ್ ಖಾಲಿ ಮಾಡಿ ಒಂದು ವೆಲ್ಡಿಂಗ್ ಹಾಕಿಸ್ಬಿಡು, ಸಾಕು" ಅಂದ್ರು ಅಪ್ಪ. ಗ್ಯಾರೇಜಿನವರು ಸುತಾರಾಂ ಒಪ್ಪಲಿಲ್ಲ. "ತುಂಬಿದ್ದಕ್ಕಿಂತ ಖಾಲಿ ಟ್ಯಾಂಕೇ ಡೇಂಜರ್ ಸಾರ್!"

ಅವರು ಹೇಳಿದ್ದು ನಿಜ. ಹೊತ್ತಿಕೊಳ್ಳೋದು ದ್ರವವಲ್ಲ, ಅದರ ಆವಿ. ಪೆಟ್ರೋಲ್ ಸುರಿದು ತೆಗೆದ ಮೇಲೂ ಆವಿ ಒಳಗೇ ಉಳಿದು ಗಾಳಿ ಜೊತೆ ಬೆರೆಯುತ್ತೆ. ಆ ಗಾಳಿಯಲ್ಲಿ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ರೆ ಒಂದೇ ಕಿಡಿಗೆ ಟ್ಯಾಂಕ್ ಸಿಡಿಯಬಹುದು.

ಹಾಗಾದ್ರೆ ಎಪಾಕ್ಸಿ ಹಚ್ಚಿದ್ರೆ? ಸ್ವಲ್ಪ ದಿನ ತಡೆಯುತ್ತೆ, ಅಷ್ಟೇ. ಕಾರು ತಿಂಗಳುಗಟ್ಟಲೆ ಅರೆಬರೆ ಪೆಟ್ರೋಲಿನಲ್ಲಿ ನಿಂತಿದ್ರೆ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ನೀರಾಗುತ್ತೆ. ನೀರು ಪೆಟ್ರೋಲಿಗಿಂತ ಭಾರ. ತಳ ಸೇರಿ ತಗಡನ್ನ ಒಳಗಿನಿಂದ ತಿನ್ನುತ್ತೆ. ಹೊರಗೆ ಒಂದು ತೂತು ಕಾಣೋ ಹೊತ್ತಿಗೆ ಅಕ್ಕಪಕ್ಕದ ತಗಡೂ ತೆಳುವಾಗಿರುತ್ತೆ. ನಮ್ಮ ಆಫೀಸಿನ ಹಳೇ ಕೋಡ್ ಥರ, ಇಲ್ಲಿ ಮುಚ್ಚಿದ್ರೆ ಅಲ್ಲಿ ಸೋರುತ್ತೆ.

ಕೊನೆಗೆ ಹೊಸ ಟ್ಯಾಂಕೇ ಹಾಕಿಸಿದ್ವಿ. ತುಕ್ಕಿನ ಪುಡಿ ಕಟ್ಟಿದ್ದ ಫಿಲ್ಟರ್, ಬಿರುಕು ಬಿಟ್ಟಿದ್ದ ರಬ್ಬರ್ ಪೈಪ್ ಕೂಡ ಬದಲಾಯ್ತು. ಖರ್ಚು ನೋಡಿ ಗೊಣಗಿದ್ರೂ ಅಪ್ಪ ಮತ್ತೆ ವೆಲ್ಡಿಂಗ್ ಮಾತೆತ್ತಲಿಲ್ಲ.

ನಿಮ್ಮನೆ ಹಳೇ ಕಾರಿನ ಹತ್ರ ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡಬೇಡಿ, ಲೈಟ್ ಸ್ವಿಚ್ಚೂ ಮುಟ್ಟಬೇಡಿ. ಆವಿ ಗಾಳಿಗಿಂತ ಭಾರ, ಬೇಸ್‌ಮೆಂಟಿನ ನೆಲದಲ್ಲೇ ಹರಡಿರುತ್ತೆ. ಮೊದಲು ದೂರ ಬನ್ನಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.