ಎಲ್ಲಕ್ಕೂ ಪಿತ್ತವೇ ಕಾರಣವೆ?

ಮೈಮೇಲೆ ಗಂಧೆಗಳೆದ್ದರೆ ‘ಪಿತ್ತದ ಗಂಧೆ’ಯೆಂದು ಕಂಬಳಿ ಹೊದಿಸುವುದು ನಮ್ಮ ಹಳ್ಳಿಗಳ ವಾಡಿಕೆ. ಬರಿಯ ಗಂಧೆಯಾದರೆ ಅದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಜೊತೆಗೆ ತಲೆಯೂ ಸುತ್ತಿದರೆ ಕಾಯುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಹತ್ತಿಗೂ ಮೆಣಸಿನಕಾಯಿಗೂ ಕೀಟನಾಶಕ ಸಿಂಪಡಿಸುವುದುಂಟು. ಅದು ತಗುಲಿದಲ್ಲಿ ಚರ್ಮ ಕೆರಳಬಹುದು. ಆರ್ಗನೊಫಾಸ್ಫೇಟ್ ವರ್ಗದ ವಿಷವಾದರೆ ಚರ್ಮದ ಮೂಲಕವೇ ಒಳಸೇರಿ, ನರಗಳ ಕಾರ್ಯಕ್ಕೆ ಅಗತ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ತಲೆಸುತ್ತು, ಬೆವರು, ವಾಂತಿ ಉಂಟಾಗುತ್ತವೆ. ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧದ ಡಬ್ಬಿಯೊಡನೆ ಆಸ್ಪತ್ರೆಗೆ ಒಯ್ಯಬೇಕು.

ಜೇನು ಕಚ್ಚಿದ, ಸೂಜಿಮದ್ದು ಪಡೆದ ಅಥವಾ ಒಗ್ಗದ ಆಹಾರ ತಿಂದ ಕೆಲವೇ ನಿಮಿಷಗಳಲ್ಲಿ ಹೀಗಾದರೆ, ಅದು 1902ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ರಿಷೆ ಮತ್ತು ಪೋರ್ಟಿಯೆ ಹೆಸರಿಸಿದ ಅನಾಫಿಲ್ಯಾಕ್ಸಿಸ್ ಆಗಿರಬಹುದು. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಸಿಯುವುದರಿಂದ ತಲೆ ಸುತ್ತುತ್ತದೆ. ಇದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಮದ್ದು, ಕಂಬಳಿಯಲ್ಲ. ರೋಗಿಯನ್ನು ನಡೆಸದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಜ್ವರ ಬಂದ ಕೆಲವು ದಿನಗಳ ಮೇಲೆ ದದ್ದು ಕಂಡರೆ ಡೆಂಗಿಯನ್ನೂ ಶಂಕಿಸಬೇಕು.

ಆದುದರಿಂದ ವಿದ್ಯಾರ್ಥಿಗಳು ಮನೆಯವರನ್ನು ಕೇಳಬೇಕಾದುದು ಇಷ್ಟೇ: ಇದಕ್ಕೆ ಮುಂಚೆ ಏನಾಯಿತು? ಆಗಿ ಎಷ್ಟು ಹೊತ್ತಾಯಿತು? ಕರೆ ಮಾಡಿದ ಮೇಲೆ ಆ ಉತ್ತರವನ್ನು ವೈದ್ಯರಿಗೆ ತಿಳಿಸಿದರೆ ಒಂದು ಜೀವ ಉಳಿದೀತು. ಪಿತ್ತವೆಂಬ ಒಂದೇ ಮಾತು ಈ ಪ್ರಶ್ನೆಗಳ ಬಾಯಿ ಮುಚ್ಚಿಸಬಾರದು.